37 ರಿಂದ 112 ರವರೆಗೆ ಕೂಡುವಾಗ ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ಮೇಡಂ, ಮದುವೆಯಾಗಿ ಎಂಟು ವರ್ಷದ ಮೇಲೆ ಮತ್ತೆ ಪುಸ್ತಕ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. 1 ರಿಂದ 100 ರವರೆಗಿನ ಸಂಖ್ಯೆಗಳ ಮೊತ್ತ 5050 ಅನ್ನುವುದು ಬಾಯಿಪಾಠ, ಸೂತ್ರವೂ ಗೊತ್ತು. ಆದರೆ ಅಣಕು ಪರೀಕ್ಷೆಯಲ್ಲಿ 37 ರಿಂದ 112 ರವರೆಗಿನ ಸಂಖ್ಯೆಗಳ ಮೊತ್ತ ಕೇಳಿದ್ದರು. ಒಂದು ದಾರಿಯಲ್ಲಿ ನನಗೆ 5625 ಬಂತು, ಇನ್ನೊಂದು ದಾರಿಯಲ್ಲಿ 5587.5 ಬಂತು. ಸರಿ ಉತ್ತರ 5662 ಅಂತೆ. ನಾನು ತಪ್ಪುತ್ತಿರುವುದು ಎಲ್ಲಿ? ಮೊದಲಿನದನ್ನು ಕೊನೆಯದರ ಜೊತೆ, ಎರಡನೆಯದನ್ನು ಕೊನೆಯದರ ಹಿಂದಿನದರ ಜೊತೆ ಹೀಗೆ ಜೋಡಿ ಮಾಡುವಾಗ ನಡುವಿನದೊಂದು ಒಂಟಿಯಾಗಿ ಉಳಿದರೆ ಏನು ಮಾಡಬೇಕು? ಈ ಉಪಾಯ ಕಂಡುಹಿಡಿದದ್ದು ಜರ್ಮನಿಯ ಗಣಿತಜ್ಞ ಗೌಸ್ ಅನ್ನುವುದು ನಿಜವೇ?

ಉತ್ತರ: ನಿಮ್ಮ ತಪ್ಪು ಉತ್ತರಗಳನ್ನೂ ಬರೆದು ಕಳಿಸಿದ್ದು ಬಹಳ ಒಳ್ಳೆಯದಾಯಿತು. ಬರೀ "ಬರಲಿಲ್ಲ" ಎಂದಿದ್ದರೆ ನಾನು ಇಡೀ ಪಾಠವನ್ನು ಮೊದಲಿನಿಂದ ಹೇಳಬೇಕಿತ್ತು. ಈಗ ಹಾಗಿಲ್ಲ. ಆ ಎರಡು ಸಂಖ್ಯೆಗಳೇ ಎಲ್ಲಿ ಎಡವಿದ್ದೀರಿ ಎಂದು ಹೇಳಿಬಿಡುತ್ತವೆ.

5625 ನ್ನು ನೋಡಿ. ಸರಿ ಉತ್ತರಕ್ಕಿಂತ 37 ಕಡಿಮೆ. 37 ಅಂದರೆ ಯಾವುದು? ನಿಮ್ಮ ಸಾಲಿನ ಮೊದಲ ಸಂಖ್ಯೆ. ನೀವು ಮಾಡಿರುವುದು ಹೀಗಿರಬೇಕು: 1 ರಿಂದ 112 ರವರೆಗಿನ ಮೊತ್ತ 112 × 113 ÷ 2 = 6328, ಅದರಿಂದ 1 ರಿಂದ 37 ರವರೆಗಿನ ಮೊತ್ತ 703 ನ್ನು ಕಳೆದಿರಿ. ದಾರಿ ಸರಿಯಾಗಿಯೇ ಇದೆ. ಆದರೆ ಕಳೆಯುವಾಗ 37 ನ್ನೂ ಜೊತೆಯಲ್ಲೇ ಆಚೆ ಹಾಕಿಬಿಟ್ಟಿರಿ. ಅದು ನಮ್ಮ ಸಾಲಿನೊಳಗೆ ಇರಬೇಕಾದದ್ದು. ಕಳೆಯಬೇಕಾದದ್ದು 36 ರವರೆಗಿನ ಮೊತ್ತ, ಅಂದರೆ 666. ಈಗ 6328 ರಲ್ಲಿ 666 ಹೋದರೆ 5662.

ಇನ್ನು 5587.5. ಇಲ್ಲಿ ಉತ್ತರ ಬರೆಯುವ ಮೊದಲೇ ಕೈ ತಡೆಯಬೇಕಿತ್ತು. ಕೂಡಿದ್ದೆಲ್ಲ ಪೂರ್ಣ ಸಂಖ್ಯೆಗಳು, ಅರ್ಧ ಎಲ್ಲಿಂದ ಬರಬೇಕು? ಸರಿ ಉತ್ತರಕ್ಕೂ ಇದಕ್ಕೂ ಇರುವ ವ್ಯತ್ಯಾಸ 74.5. ಅದು 37 ಮತ್ತು 112 ರ ಸರಾಸರಿ. ಅಂದರೆ ಸರಾಸರಿಯನ್ನು ನೀವು ಸರಿಯಾಗಿ ಹಿಡಿದಿದ್ದೀರಿ, ಅದನ್ನು ಒಂದು ಸಲ ಕಡಿಮೆ ಗುಣಿಸಿದ್ದೀರಿ. 112 ರಲ್ಲಿ 37 ಕಳೆದು 75 ಎಂದುಕೊಂಡಿರಿ. ಆ ಸಾಲಿನಲ್ಲಿರುವುದು 76 ಸಂಖ್ಯೆಗಳು.

ಎರಡೂ ಕಡೆ ಆಗಿರುವುದು ಒಂದೇ ತಪ್ಪು. ನಿಮಗೆ ಸೂತ್ರ ಬರುತ್ತದೆ, ಎಣಿಕೆ ಜಾರುತ್ತಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟಿದ್ದೇನೆ. ಈ ಪಾಠದಲ್ಲಿ ಅಂಕ ಕಳೆದುಕೊಂಡ ಮಕ್ಕಳಲ್ಲಿ ಹೆಚ್ಚಿನವರಿಗೆ ಸೂತ್ರ ಗೊತ್ತಿತ್ತು. ಎಷ್ಟು ಸಂಖ್ಯೆಗಳಿವೆ ಎಂಬಲ್ಲೇ ಅವರೆಲ್ಲ ಸೋಲುತ್ತಿದ್ದರು. ಆದ್ದರಿಂದ ಮೊದಲು ಎಣಿಕೆಯ ಬಗ್ಗೆಯೇ ಸ್ವಲ್ಪ ಹೊತ್ತು ಮಾತಾಡೋಣ.

ನೀವು ರಂಗೋಲಿ ಹಾಕುತ್ತೀರಾದರೆ ಇದು ನಿಮ್ಮ ಬೆರಳಿಗೇ ಗೊತ್ತಿರುವ ವಿಷಯ. "ಸಂದು ಚುಕ್ಕಿ, 15 ರಿಂದ 8" ಎಂದು ರಂಗೋಲಿ ಪುಸ್ತಕದಲ್ಲಿ ಬರೆದಿರುತ್ತದೆ. ಅಂಗಳದ ನಡುವೆ 15 ಚುಕ್ಕಿಯ ಒಂದು ಸಾಲು ಇಡುತ್ತೀರಿ. ಅದರ ಕೆಳಗೆ, ಎರಡೆರಡು ಚುಕ್ಕಿಗಳ ಸಂದಿಗೆ ಒಂದೊಂದರಂತೆ 14. ಅದರ ಕೆಳಗೆ 13. ಹೀಗೇ 8 ಕ್ಕೆ ಬಂದು ನಿಲ್ಲಿಸುತ್ತೀರಿ. ಮತ್ತೆ ನಡುಸಾಲಿನ ಮೇಲ್ಗಡೆಯೂ ಹಾಗೇ 14 ರಿಂದ 8 ರವರೆಗೆ. 15 ಚುಕ್ಕಿಯ ಸಾಲಿನ ಸಂದಿಗೆ ಇಟ್ಟರೆ 14 ಯಾಕಾಗುತ್ತದೆ? ಚುಕ್ಕಿಗಳಿಗಿಂತ ಸಂದುಗಳು ಯಾವಾಗಲೂ ಒಂದು ಕಡಿಮೆ. ಮೂರು ಚುಕ್ಕಿಗೆ ಎರಡು ಸಂದು, ಎರಡು ಚುಕ್ಕಿಗೆ ಒಂದು.

ದೊಡ್ಡ ಸಂಖ್ಯೆಯಲ್ಲಿ ಚಿಕ್ಕದನ್ನು ಕಳೆದಾಗ ನಿಮಗೆ ಸಿಗುವುದು ಸಂದುಗಳ ಎಣಿಕೆ. 37 ರಿಂದ 38 ಕ್ಕೆ ಒಂದು ಹೆಜ್ಜೆ, 38 ರಿಂದ 39 ಕ್ಕೆ ಇನ್ನೊಂದು, ಹಾಗೇ 112 ಕ್ಕೆ ಮುಟ್ಟುವಷ್ಟರಲ್ಲಿ 75 ಹೆಜ್ಜೆ. ನಿಮಗೆ ಬೇಕಾಗಿರುವುದು ಚುಕ್ಕಿಗಳು. ಅದಕ್ಕೇ ಒಂದು ಸೇರಿಸಬೇಕು: 112 − 37 + 1 = 76. 5 ನೇ ತಾರೀಖಿನಿಂದ 12 ನೇ ತಾರೀಖಿನವರೆಗೆ ಹಾಲು ಹಾಕಿದವರಿಗೆ ಏಳು ದಿನದ ದುಡ್ಡು ಕೊಟ್ಟರೆ ಒಪ್ಪುತ್ತಾರೆಯೇ? ಅವರು ಕ್ಯಾಲೆಂಡರಿನ ಮನೆಗಳ ಮೇಲೆ ಬೆರಳಿಟ್ಟು ಎಂಟು ಎಣಿಸಿಯೇ ತೋರಿಸುತ್ತಾರೆ.

ಈಗ ಅದೇ ರಂಗೋಲಿಯ ಚುಕ್ಕಿಗಳನ್ನೆಲ್ಲ ಕೂಡೋಣ. 8 ರಿಂದ 15 ರವರೆಗೆ ಎಂಟು ಸಾಲು. ತುದಿಯ ಎರಡು, 8 ಮತ್ತು 15, ಸೇರಿ 23. ಅವುಗಳ ಒಳಗಿನ 9 ಮತ್ತು 14 ಸೇರಿಯೂ 23. ಈ ಕಡೆ ಒಂದು ಹೆಚ್ಚಿದರೆ ಆ ಕಡೆ ಒಂದು ಇಳಿಯುತ್ತದೆ, ಹಾಗಾಗಿ ಮೊತ್ತ ಅಲುಗುವುದಿಲ್ಲ. ನಾಲ್ಕು ಜೋಡಿಗೆ 92. ಮೇಲಿನ ಭಾಗ 92, ಕೆಳಗಿನ ಭಾಗ 92, ಆದರೆ ನಡುಸಾಲಿನ 15 ಎರಡರಲ್ಲೂ ಸೇರಿಕೊಂಡಿದೆ, ಅದನ್ನು ಒಂದು ಸಲ ತೆಗೆಯಬೇಕು. 92 + 92 − 15 = 169. ಆರು ಮೂಲೆಯ ಆ ರಂಗೋಲಿಯಲ್ಲಿರುವ ಚುಕ್ಕಿಗಳು 169, ಅಂದರೆ 13 ರ ವರ್ಗ! ಅಷ್ಟೂ ಚುಕ್ಕಿಗಳನ್ನು ಸಾಲಿಗೆ 13 ರಂತೆ ಹದಿಮೂರು ಸಾಲು ಚೌಕವಾಗಿಯೂ ಇಡಬಹುದು. ಎಲ್ಲ ರಂಗೋಲಿಗೂ ಹೀಗೆ ಆಗುವುದಿಲ್ಲ. 7 ರಿಂದ 4 ರ ರಂಗೋಲಿಗೆ 37 ಚುಕ್ಕಿ ಬರುತ್ತದೆ, ಅದು ವರ್ಗವಲ್ಲ. 169 ಹೀಗೆ ಬಂದದ್ದನ್ನು ಮೊದಲ ಸಲ ಕಂಡಾಗ ನನಗಾದ ಖುಷಿ ಇವತ್ತಿಗೂ ಹಾಗೇ ಇದೆ.

ಎಂಟು ಸಾಲು ಇದ್ದದ್ದರಿಂದ ಜೋಡಿಗಳು ಪೂರ್ತಿಯಾದವು. ಬೆಸ ಎಣಿಕೆಯಾದರೆ? ನಿಮ್ಮ ಎರಡನೇ ಪ್ರಶ್ನೆ ಅದು. 23 ರಿಂದ 41 ರವರೆಗೆ ಕೂಡಬೇಕು ಅನ್ನಿ. ಎಣಿಕೆ 41 − 23 + 1 = 19. ಒಂಬತ್ತು ಜೋಡಿಯಾಗಿ ನಡುವಿನ 32 ಒಂಟಿಯಾಗಿ ಉಳಿಯುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ, ಇಡೀ ಲೆಕ್ಕದಲ್ಲಿ ನಿಮಗೆ ಅತಿ ಹೆಚ್ಚು ಸಹಾಯ ಮಾಡುವುದು ಅದೇ. ಅದರ ಬಲಕ್ಕಿರುವ 33 ಒಂದು ಹೆಚ್ಚು, ಎಡಕ್ಕಿರುವ 31 ಒಂದು ಕಡಿಮೆ. ಹೆಚ್ಚಿರುವವರು ಕಡಿಮೆ ಇರುವವರಿಗೆ ಕೊಟ್ಟುಬಿಟ್ಟರೆ ಎಲ್ಲರ ಹತ್ತಿರವೂ 32 ಆಗುತ್ತದೆ. ಹತ್ತೊಂಬತ್ತು ಜನ, ಒಬ್ಬೊಬ್ಬರ ಹತ್ತಿರ 32. ಮೊತ್ತ 19 × 32 = 608. ಜೋಡಿಯೂ ಬೇಡ, ಒಂಟಿಯನ್ನು ಕೊನೆಯಲ್ಲಿ ಸೇರಿಸುವ ಕೆಲಸವೂ ಇಲ್ಲ.

ಸಮ ಎಣಿಕೆಯಲ್ಲಿ ಆ ನಡು ಎರಡು ಸಂಖ್ಯೆಗಳ ಮಧ್ಯದ ಸಂದಿಗೆ ಬೀಳುತ್ತದೆ, ಅಷ್ಟೇ. 37 ರಿಂದ 112 ಕ್ಕೆ ಅದು 74.5, ಅಂದರೆ 74 ಮತ್ತು 75 ರ ನಡುವೆ. 76 × 74.5 = 5662. ನಾನು ಮಕ್ಕಳಿಗೆ ಎರಡೇ ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತಿದ್ದೆ: ಎಷ್ಟು ಇವೆ, ನಡು ಎಲ್ಲಿದೆ? ಎರಡನ್ನೂ ಗುಣಿಸಿದರೆ ಮೊತ್ತ.

ದಶಾಂಶದ ಗುಣಾಕಾರ ಬೇಡವಾದರೆ ಒಂದು ಸೌಲಭ್ಯವಿದೆ. ಎಣಿಕೆ, ಮತ್ತು ತುದಿಗಳ ಮೊತ್ತ, ಇವೆರಡರಲ್ಲಿ ಒಂದು ಖಂಡಿತ ಸಮ, ಇನ್ನೊಂದು ಖಂಡಿತ ಬೆಸ. ಸಮವಾದದ್ದನ್ನು ಮೊದಲು ಅರ್ಧ ಮಾಡಿ, ಆಮೇಲೆ ಗುಣಿಸಿ. 76 ಮತ್ತು 149 ರಲ್ಲಿ 76 ಸಮ, ಅದರರ್ಧ 38. 38 × 149 = 5662. 19 ಮತ್ತು 64 ರಲ್ಲಿ 64 ಸಮ, ಅದರರ್ಧ 32. ನಿಮ್ಮ ಲೆಕ್ಕದಲ್ಲಿ ಎರಡೂ ಬೆಸ ಬಂದರೆ, ಅಥವಾ ಎರಡೂ ಸಮ ಬಂದರೆ, ಎಣಿಕೆ ತಪ್ಪಿದೆ ಎಂದೇ ಅರ್ಥ. 75 ಮತ್ತು 149 ಎರಡೂ ಬೆಸ, ನಿಮ್ಮ 5587.5 ಹುಟ್ಟಿದ್ದು ಅಲ್ಲೇ.

ಪರೀಕ್ಷೆಯಲ್ಲಿ ಸಮಯ ಉಳಿಸುವ ಒಂದು ಸಣ್ಣ ವಿಷಯವನ್ನೂ ಹೇಳಿಬಿಡುತ್ತೇನೆ. ಹತ್ತು ಕ್ರಮಾಗತ ಸಂಖ್ಯೆಗಳ ಮೊತ್ತ ಬೇಕಿದ್ದರೆ ಐದನೆಯದನ್ನು ಬರೆದು ಅದರ ಮುಂದೆ 5 ಹಾಕಿ. 37 ರಿಂದ 46 ಕ್ಕೆ ಐದನೆಯದು 41, ಮೊತ್ತ 415. ನಡು ಐದನೆಯದಕ್ಕಿಂತ ಅರ್ಧ ಹೆಚ್ಚು, 41.5; ಅದನ್ನು ಹತ್ತರಿಂದ ಗುಣಿಸಿದ್ದೇವೆ, ಬೇರೇನಿಲ್ಲ.

1 ರಿಂದ ಶುರುವಾಗುವ ಸಾಲಿನ ಸೂತ್ರವಂತೂ ಕೈಯಿಂದ ಇಟ್ಟು ನೋಡಬೇಕಾದದ್ದು. ಮನೆಯಲ್ಲಿ ಹುಣಸೆ ಬೀಜ ಇದ್ದರೆ ನೆಲದ ಮೇಲೆ ಮೊದಲ ಸಾಲಿಗೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ಐದರವರೆಗೆ ಮೆಟ್ಟಿಲಿನಂತೆ ಇಡಿ. ಈಗ ಅವರೆಕಾಳು ತೆಗೆದುಕೊಂಡು ಖಾಲಿ ಜಾಗ ತುಂಬಿ: ಒಂದು ಹುಣಸೆ ಬೀಜದ ಸಾಲಿಗೆ ಐದು ಅವರೆ, ಎರಡರ ಸಾಲಿಗೆ ನಾಲ್ಕು, ಕೊನೆಯ ಸಾಲಿಗೆ ಒಂದು. ಪ್ರತಿ ಸಾಲಿನಲ್ಲೂ ಆರಾಯಿತು, ಐದು ಸಾಲಾಯಿತು. ಐದು ಆರಲ ಮೂವತ್ತು, ಅದರಲ್ಲಿ ಅರ್ಧ ಹುಣಸೆ ಬೀಜ, ಹದಿನೈದು. ಸೂತ್ರದಲ್ಲಿ ಎಣಿಕೆಗೆ ಒಂದು ಸೇರಿಸಿ ಗುಣಿಸುವುದು ಯಾಕೆ, ಎರಡರಿಂದ ಭಾಗಿಸುವುದು ಯಾಕೆ ಎಂದು ಇನ್ನು ಯಾರೂ ನಿಮಗೆ ಹೇಳಬೇಕಾಗಿಲ್ಲ. ತರಗತಿಯಲ್ಲಿ ಇದನ್ನು ಮಾಡಿಸಿದ ದಿನ ಹಿಂದಿನ ಬೆಂಚಿನ ಮಕ್ಕಳೂ ಎದ್ದು ಮುಂದೆ ಬರುತ್ತಿದ್ದರು.

ಇದೇ ಚಿತ್ರವನ್ನು ಕೇರಳದ ಗಣಿತಜ್ಞ ನೀಲಕಂಠ ಸೋಮಯಾಜಿ ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ ವಿವರಿಸಿದ್ದಾರೆ. ಅವರು ಹುಟ್ಟಿದ್ದು 1444 ರಲ್ಲಿ. ಸಾಲುಸಾಲಾಗಿ ಏರುವ ಆಕೃತಿಯನ್ನು ಅವರು ಶ್ರೇಢೀಕ್ಷೇತ್ರ ಎನ್ನುತ್ತಾರೆ. ಅಂಥ ಇನ್ನೊಂದನ್ನು ತಲೆಕೆಳಗು ಮಾಡಿ ಜೋಡಿಸಿದರೆ ಆಯತವಾಗುತ್ತದೆ. ಹತ್ತನೇ ತರಗತಿ ಪುಸ್ತಕದ "ಸಮಾಂತರ ಶ್ರೇಢಿಗಳು" ಎಂಬ ಹೆಸರಿನಲ್ಲಿರುವ ಶ್ರೇಢಿ ಇದೇ ಪದ.

ಹೀಗೆ ಗೌಸ್ ವಿಷಯಕ್ಕೆ ಬಂದೆವು. ಮೇಷ್ಟ್ರು 1 ರಿಂದ 100 ರವರೆಗೆ ಕೂಡಲು ಹೇಳಿದರು, ಹುಡುಗ ಕ್ಷಣದಲ್ಲಿ 5050 ಬರೆದಿಟ್ಟ ಅನ್ನುವ ಕಥೆ ನಿಮ್ಮ ಹಾಗೆ ನಾನೂ ಕೇಳಿ ಬೆಳೆದವಳು. ಗೌಸ್ ತೀರಿಕೊಂಡದ್ದು 1855 ರಲ್ಲಿ. ಮರುವರ್ಷ ಅವರ ಗೆಳೆಯ ಸಾರ್ಟೋರಿಯಸ್ ಬರೆದ ಜೀವನಚರಿತ್ರೆಯಲ್ಲಿ ಶಾಲೆಯ ಈ ಪ್ರಸಂಗ ಇದೆ, ಒಂದು ಶ್ರೇಢಿಯನ್ನು ಕೂಡಲು ಕೊಟ್ಟಿದ್ದರು ಎಂದಷ್ಟೇ ಇದೆ. 1 ರಿಂದ 100 ಎಂಬ ಸಂಖ್ಯೆಗಳು ಅಲ್ಲಿಲ್ಲ, ಅವು ಆಮೇಲೆ ಕಥೆ ಹೇಳುವವರ ಬಾಯಲ್ಲಿ ಸೇರಿಕೊಂಡವು. ಆ ಹುಡುಗ ಯಾರೂ ಹೇಳಿಕೊಡದೆ ತಾನೇ ಕಂಡುಕೊಂಡಿದ್ದರೆ ಅದು ದೊಡ್ಡದೇ. ಆದರೆ ಅದನ್ನು ಮೊದಲು ಕಂಡದ್ದು ಗೌಸ್ ಅಲ್ಲ. ಯೂರೋಪಿನಲ್ಲೇ ಅವರಿಗಿಂತ ಸಾವಿರ ವರ್ಷ ಹಿಂದೆ, ಇಂಗ್ಲೆಂಡಿನ ವಿದ್ವಾಂಸ ಅಲ್ಕ್ವಿನ್ ಅವರದೆಂದು ಹೇಳುವ ಲೆಕ್ಕಗಳ ಸಂಗ್ರಹದಲ್ಲಿ, ನೂರು ಮೆಟ್ಟಿಲಿನ ಏಣಿ ಬರುತ್ತದೆ. ಮೊದಲ ಮೆಟ್ಟಿಲ ಮೇಲೆ ಒಂದು ಪಾರಿವಾಳ, ಎರಡನೆಯದರ ಮೇಲೆ ಎರಡು, ನೂರನೆಯದರ ಮೇಲೆ ನೂರು. ಒಟ್ಟು 5050. ಅಲ್ಲಿ ಜೋಡಿ ಮಾಡುವ ರೀತಿ ಬೇರೆ: 1 ಕ್ಕೆ 99, 2 ಕ್ಕೆ 98, ಹೀಗೆ 49 ನೂರುಗಳು, ಕೊನೆಗೆ ಉಳಿದ 50 ಮತ್ತು 100.

ನಮ್ಮ ಕಡೆ ಇದು ಇನ್ನೂ ಹಳೆಯದು. 499 ರ ಆರ್ಯಭಟೀಯದಲ್ಲಿ ಗಣಿತಪಾದದ 19 ನೇ ಶ್ಲೋಕ ಮೊದಲು ನಡುವನ್ನು, "ಮಧ್ಯಮ್" ಎಂಬ ಪದದಿಂದಲೇ, ಕಂಡುಹಿಡಿಯಲು ಹೇಳುತ್ತದೆ. ಅದನ್ನು ಎಣಿಕೆಯಿಂದ ಗುಣಿಸಿದರೆ ಮೊತ್ತ. ಅಥವಾ "ಆದ್ಯಂತಂ ಪದಾರ್ಧಹತಮ್", ಮೊದಲಿನದು ಕೊನೆಯದು ಸೇರಿಸಿ ಎಣಿಕೆಯ ಅರ್ಧದಿಂದ ಗುಣಿಸು. ಮೇಲೆ ನಿಮಗೆ ಹೇಳಿದ ಎರಡು ದಾರಿಗಳೂ ಒಂದೇ ಶ್ಲೋಕದಲ್ಲಿವೆ. 1150 ರ ಲೀಲಾವತಿಯಲ್ಲಿ 1 ರಿಂದ ಶುರುವಾಗುವ ಮೊತ್ತಕ್ಕೆ ಭಾಸ್ಕರಾಚಾರ್ಯರು ಕೊಡುವ ಸೂತ್ರ "ಸೈಕಪದಘ್ನಪದಾರ್ಧ". ಬಿಡಿಸಿದರೆ: ಒಂದು ಕೂಡಿದ ಎಣಿಕೆಯಿಂದ ಗುಣಿಸಿದ ಎಣಿಕೆಯ ಅರ್ಧ. ಈ ಮೊತ್ತಕ್ಕೆ ಹೆಸರು ಸಂಕಲಿತ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮಹಾವೀರಾಚಾರ್ಯ. ಒಂಬತ್ತನೇ ಶತಮಾನ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ. ಕವಿರಾಜಮಾರ್ಗ ಹುಟ್ಟಿದ್ದೂ ಆಗಲೇ. ತನ್ನ ಗಣಿತಸಾರಸಂಗ್ರಹದ ಮೊದಲಲ್ಲೇ ಮಹಾವೀರ ಆ ರಾಜನನ್ನು ಸ್ತುತಿಸುತ್ತಾನೆ. ಲೆಕ್ಕದ ಎಂಟು ಮೂಲ ಕ್ರಿಯೆಗಳನ್ನು ಹೇಳುವಾಗ ಬರೀ ಕೂಡುವುದು, ಬರೀ ಕಳೆಯುವುದು ಅವನ ಪಟ್ಟಿಯಲ್ಲಿಲ್ಲ. ಅವುಗಳ ಜಾಗದಲ್ಲಿ ಸಂಕಲಿತ ಮತ್ತು ವ್ಯುತ್ಕಲಿತ ಎಂದಿಟ್ಟಿದ್ದಾನೆ. ವ್ಯುತ್ಕಲಿತ ಅಂದರೆ ಇಡೀ ಸಾಲಿನ ಮೊತ್ತದಿಂದ ಮೊದಲ ತುಂಡಿನ ಮೊತ್ತವನ್ನು ತೆಗೆದು ಉಳಿದದ್ದನ್ನು ಪಡೆಯುವುದು. 112 ರವರೆಗಿನ ಮೊತ್ತದಿಂದ 36 ರವರೆಗಿನದನ್ನು ಕಳೆದೆವಲ್ಲ, ಅದೇ ಅದು. ಗುಣಾಕಾರ, ಭಾಗಾಕಾರ, ವರ್ಗಮೂಲಗಳ ಸಾಲಿನಲ್ಲಿ ಕೂರಿಸುವಷ್ಟು ಮುಖ್ಯ ಎಂದು ಆತ ಅದನ್ನು ಭಾವಿಸಿದ್ದ. ನಮ್ಮ ಶಾಲೆಯ ಮಕ್ಕಳಿಗೆ ಗೌಸ್ ಕಥೆಯ ಜೊತೆಗೆ ಇದನ್ನೂ ಹೇಳಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಪುಸ್ತಕದಲ್ಲಿರುವ ಉದ್ದನೆಯ ಸೂತ್ರ ಬೇರೆ ಏನೋ ಎಂದುಕೊಳ್ಳಬೇಡಿ. ಮೊದಲ ಪದದ ಎರಡರಷ್ಟಕ್ಕೆ, ಪದಗಳ ಸಂಖ್ಯೆಯಲ್ಲಿ ಒಂದು ಕಳೆದು ಸಾಮಾನ್ಯ ವ್ಯತ್ಯಾಸದಿಂದ (ಒಂದು ಪದಕ್ಕೂ ಮುಂದಿನದಕ್ಕೂ ಇರುವ ಅಂತರ, ನಮ್ಮ ಲೆಕ್ಕದಲ್ಲಿ 1) ಗುಣಿಸಿದ್ದನ್ನು ಸೇರಿಸಿ, ಅದನ್ನು ಪದಗಳ ಸಂಖ್ಯೆಯ ಅರ್ಧದಿಂದ ಗುಣಿಸು ಎನ್ನುತ್ತದೆ ಅದು. ನಮ್ಮ ಲೆಕ್ಕಕ್ಕೆ ಹಾಕಿದರೆ 37 ರ ಎರಡರಷ್ಟು 74, ಅದಕ್ಕೆ 75 ಸೇರಿಸಿ 149, ಅಂದರೆ ತುದಿಗಳ ಮೊತ್ತ. ನೋಡಿ, ನಿಮ್ಮ 75 ಇಲ್ಲಿ ಬಂತು! ಸಂದುಗಳ ಎಣಿಕೆ ಬೇಕಾದ ಜಾಗ ಇದು. 38 ರಿಂದ ಗುಣಿಸುವಾಗ ಮಾತ್ರ ಚುಕ್ಕಿಗಳ ಎಣಿಕೆ ಬೇಕು.

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಇದನ್ನೇ ತಿರುಗಿಸಿ ಕೇಳುತ್ತಾರೆ. ಮೂರು ಕ್ರಮಾಗತ ಸಂಖ್ಯೆಗಳ ಮೊತ್ತ 72, ಸಂಖ್ಯೆಗಳು ಯಾವುವು? ನಡು 24, ಆದ್ದರಿಂದ 23, 24, 25. ನಾಲ್ಕರ ಮೊತ್ತ 90 ಆದರೆ ನಡು 22.5, ಅದರ ಅತ್ತಿತ್ತ 21, 22, 23, 24. ನಾಲ್ಕರ ಮೊತ್ತ 100 ಎಂದು ಕೊಟ್ಟರೆ? ನಡು 25 ಬರುತ್ತದೆ, ಆದರೆ ನಾಲ್ಕು ಸಂಖ್ಯೆಗಳ ನಡು ಸಂದಿಗೇ ಬೀಳಬೇಕು. ಆದ್ದರಿಂದ ಹಾಗೆ ಆಗಲಾರದು. ಐದಾದರೆ ಸರಿ: 18 ರಿಂದ 22.

100 ನ್ನು ಇನ್ನೊಂದು ಬಗೆಯಲ್ಲೂ ಬರೆಯಬಹುದು. 100 ನ್ನು ಭಾಗಿಸುವ ಇನ್ನೊಂದು ಬೆಸ ಸಂಖ್ಯೆ 25. ಹಾಗಾದರೆ 25 ಸಂಖ್ಯೆಗಳು, ನಡು 4. ನಾಲ್ಕರ ಎರಡೂ ಕಡೆ ಹನ್ನೆರಡು ಹನ್ನೆರಡು ಬೇಕು, ಅಂದರೆ −8 ರಿಂದ 16 ರವರೆಗೆ. ಋಣ ಸಂಖ್ಯೆಗಳು ಬಂದವಲ್ಲ ಎಂದು ಬಿಡಬೇಡಿ. −8 ಕ್ಕೆ 8 ಹೊಡೆದುಹೋಗುತ್ತದೆ, −7 ಕ್ಕೆ 7 ಹೊಡೆದುಹೋಗುತ್ತದೆ, ಹಾಗೇ ಸೊನ್ನೆಯವರೆಗೆ. ಉಳಿದದ್ದು 9 ರಿಂದ 16, ಎಂಟು ಸಂಖ್ಯೆಗಳು. ಕೂಡಿ ನೋಡಿ, 25 ರ ನಾಲ್ಕು ಜೋಡಿ. ಒಂದನ್ನು ಬಿಟ್ಟು ಎಷ್ಟು ಬೆಸ ಭಾಜಕಗಳಿವೆಯೋ ಅಷ್ಟು ಬಗೆಯಲ್ಲಿ ಒಂದು ಸಂಖ್ಯೆಯನ್ನು ಕ್ರಮಾಗತ ಸ್ವಾಭಾವಿಕ ಸಂಖ್ಯೆಗಳ ಮೊತ್ತವಾಗಿ ಬರೆಯಬಹುದು. ಇದನ್ನು ತೋರಿಸಿದವರು ಇಂಗ್ಲೆಂಡಿನ ಗಣಿತಜ್ಞ ಸಿಲ್ವೆಸ್ಟರ್, 1882 ರಲ್ಲಿ. 2, 4, 8, 16, 32, 64 ಇವಕ್ಕೆ ಒಂದನ್ನು ಬಿಟ್ಟರೆ ಬೆಸ ಭಾಜಕವೇ ಇಲ್ಲ. ಆದ್ದರಿಂದ 64 ನ್ನು ಎಷ್ಟು ಹೊತ್ತು ಕೂತು ಹುಡುಕಿದರೂ ಹಾಗೆ ಬರೆಯಲಾಗುವುದಿಲ್ಲ. ಆಯ್ಕೆಗಳಲ್ಲಿ ಅಂಥ ಸಂಖ್ಯೆ ಕಂಡರೆ ತಕ್ಷಣ ಹೊಡೆದು ಹಾಕಿ.

ಇನ್ನು ನೀವೇ ಒಂದು ಮಾಡಿ. ಸಂದು ಚುಕ್ಕಿ, 21 ರಿಂದ 11 ರ ರಂಗೋಲಿ. ಒಟ್ಟು ಎಷ್ಟು ಚುಕ್ಕಿ? 331 ಬರಬೇಕು. 352 ಬಂದರೆ ನಡುಸಾಲು ಎರಡು ಸಲ ಸೇರಿದೆ. 299 ಬಂದರೆ ಚುಕ್ಕಿಯ ಬದಲು ಮತ್ತೆ ಸಂದು ಎಣಿಸಿದ್ದೀರಿ.